ಲೈಕೋಸಾ ಜೇಡಗಳು ನಿಜಕ್ಕೂ ಎಲ್ಲ ಖಂಡಗಳಲ್ಲೂ ಇವೆಯಾ?

ಎಂಟುಕಣ್ಣು:
ತೋಳ ಜೇಡಗಳ ನಕ್ಷೆ ಮಾಡುತ್ತಿದ್ದೇನೆ. ಇಡೀ ಕುಟುಂಬದ್ದಲ್ಲ, ಲೈಕೋಸಾ ಕುಲದ್ದು ಮಾತ್ರ. ಜಾಗತಿಕ ಜೇಡ ಪಟ್ಟಿಯಲ್ಲಿ ಈ ಹೆಸರಿನಡಿ 200ಕ್ಕೂ ಹೆಚ್ಚು ಪ್ರಭೇದಗಳಿವೆ. ಒಂದೊಂದಕ್ಕೆ ಒಂದು ಚುಕ್ಕೆ ಇಡುತ್ತಾ ಹೋದೆ. ಸ್ಪೇನ್, ಇಟಲಿ, ಮೊರಾಕ್ಕೊ, ಕಝಾಕಿಸ್ತಾನ, ಭಾರತ, ಚೀನಾ, ಬ್ರೆಜಿಲ್, ಆಸ್ಟ್ರೇಲಿಯಾ, ನಡು ಸಾಗರದ ಹವಾಯಿ ಕೂಡ. ಅಂಟಾರ್ಕ್ಟಿಕಾ ಒಂದು ಬಿಟ್ಟು ಎಲ್ಲ ಕಡೆ ಚುಕ್ಕೆ.

ತೋಳ ಜೇಡಗಳದೇ ಇನ್ನೊಂದು ಕುಲವಾದ ಪಾರ್ಡೋಸಾಕ್ಕೆ ಇದೇ ಕೆಲಸ ಮಾಡಿದಾಗ ಚುಕ್ಕೆಗಳು ಬಹುಪಾಲು ಉತ್ತರದಲ್ಲೇ ಗುಂಪಾಗಿದ್ದವು. ನೋಡಿದರೆ ಏನೋ ಕತೆ ಇದೆ ಅನ್ನಿಸುತ್ತಿತ್ತು. ಈ ಲೈಕೋಸಾ ನಕ್ಷೆಯಲ್ಲಿ ಯಾವ ಕತೆಯೂ ಕಾಣುತ್ತಿಲ್ಲ. ದಪ್ಪ ಮೈ, ನೆಲದಲ್ಲಿ ಬಿಲ ತೋಡಿಕೊಂಡು ಕೂರುವ ಸ್ವಭಾವ. ಇಂಥದ್ದು ಇಷ್ಟು ದೂರ ಹರಡಿದ್ದು ಹೇಗೆ?

ಮಣ್ಣುಬಿಲ:
ಜೇಡ ಹರಡಲಿಲ್ಲ. ಹೆಸರು ಹರಡಿತು.

ಸ್ವಲ್ಪ ಹಿಂದಕ್ಕೆ ಹೋಗೋಣ. ಲೈಕೋಸಾ ಕುಲವನ್ನು ಲಾಟ್ರೈಲ್ 1804ರಲ್ಲಿ ಸ್ಥಾಪಿಸಿದರು. ಇದರ ಮಾದರಿ ಪ್ರಭೇದ ಲೈಕೋಸಾ ಟರಾಂಟುಲಾ. ಲಿನೇಯಸ್ 1758ರಲ್ಲೇ ಹೆಸರಿಟ್ಟಿದ್ದ, ದಕ್ಷಿಣ ಇಟಲಿಯ ಜೇಡ. ಅದು ಕಚ್ಚಿದರೆ ಹುಚ್ಚು ಹಿಡಿಯುತ್ತದೆ, ಕುಣಿದರೇ ವಾಸಿಯಾಗುತ್ತದೆ ಎಂದು ಜನ ನಂಬಿದ್ದರಲ್ಲ, ಅದೇ. ಈಗ ಟರಾಂಟುಲಾ ಎಂದು ಸಾಕುವ ರೋಮದ ದೈತ್ಯ ಜೇಡಗಳು ಬೇರೆಯೇ ಕುಟುಂಬ, ಅದನ್ನು ಇಲ್ಲಿಗೆ ಎಳೆಯುವುದು ಬೇಡ.

ಕುಲದ ಹೆಸರು ಯಾವತ್ತೂ ಮಾದರಿ ಪ್ರಭೇದಕ್ಕೆ ಅಂಟಿಕೊಂಡಿರುತ್ತದೆ. ಆ ಇಟಲಿಯ ಜೇಡಕ್ಕೆ ನಿಜವಾಗಿ ಹತ್ತಿರದ ಬಂಧುಗಳು ಯಾರೋ ಅವರು ಮಾತ್ರ ಲೈಕೋಸಾ. ಆದರೆ 19ನೇ ಶತಮಾನದಲ್ಲಿ ಆಗಿದ್ದೇ ಬೇರೆ. ಕಂದು ಬಣ್ಣ, ಮಧ್ಯಮದಿಂದ ದೊಡ್ಡ ಗಾತ್ರ, ನೆಲದ ಮೇಲೆ ಓಡಾಟ, ಮೂರು ಸಾಲು ಕಣ್ಣು ಇದ್ದರೆ ಸಾಕು, ಲೈಕೋಸಾ ಎಂದು ಬರೆದು ಸೀಸೆಯಲ್ಲಿ ಇಟ್ಟರು. ಆಸ್ಟ್ರೇಲಿಯಾದಿಂದ ಬಂದರೂ ಅಷ್ಟೇ, ಬ್ರೆಜಿಲ್‌ನಿಂದ ಬಂದರೂ ಅಷ್ಟೇ. ಎಲ್ಲಿಡಬೇಕೆಂದು ಗೊತ್ತಾಗದ್ದನ್ನೆಲ್ಲ ತುರುಕುವ ಅಟ್ಟದ ಪೆಟ್ಟಿಗೆಯಂತೆ ಆಯಿತು ಆ ಕುಲ.

2006ರಲ್ಲಿ ಮರ್ಫಿ ಮತ್ತು ಜೊತೆಗಾರರು ತೋಳ ಜೇಡಗಳ ಡಿಎನ್‌ಎ ಹೋಲಿಸಿ ವಂಶವೃಕ್ಷ ಕಟ್ಟಿದರು. ಲೈಕೋಸಾ ಎಂಬ ಒಂದು ಕೊಂಬೆಯೇ ಸಿಗಲಿಲ್ಲ. ಆಸ್ಟ್ರೇಲಿಯಾದ 'ಲೈಕೋಸಾ'ಗಳು ತಮ್ಮದೇ ನಾಡಿನ ಬೇರೆ ಜೇಡಗಳಿಗೆ ಹತ್ತಿರ, ಮೆಡಿಟರೇನಿಯನ್ ಲೈಕೋಸಾಕ್ಕೆ ದೂರ. 2019ರಲ್ಲಿ ಪಿಯಾಚೆಂಟಿನಿ ಮತ್ತು ರಾಮಿರೆಜ್ ಇನ್ನೂ ದೊಡ್ಡ ಮರ ಕಟ್ಟಿದರು. ಅಲ್ಲೂ ಈ ಚಿತ್ರ ಬದಲಾಗಲಿಲ್ಲ.

ಹಾಗಾಗಿ ನಿಮ್ಮ ನಕ್ಷೆಯಲ್ಲಿ ಕತೆ ಇಲ್ಲ ಅಂತಲ್ಲ. ಯಾವ ಕಾಲದಲ್ಲಿ ಯಾರು ಎಲ್ಲಿಂದ ಸೀಸೆ ತರಿಸಿದರು ಎಂಬ ಕತೆ ಅದು.

ರಾತ್ರಿಟಾರ್ಚ್:
ನಾನು ಫೋಟೋ ತೆಗೆಯುವವನು, ವಿಜ್ಞಾನಿ ಅಲ್ಲ. ಕುಲ ಪ್ರಭೇದ ಹಾಗಿರಲಿ. ಎದುರಿಗಿರುವುದು ತೋಳ ಜೇಡವೇ ಎಂದು ಹೇಗೆ ಗಟ್ಟಿ ಮಾಡಿಕೊಳ್ಳುವುದು? ಮೀನುಗಾರ ಜೇಡ, ನರ್ಸರಿ ಬಲೆ ಜೇಡ ಎಲ್ಲ ಒಂದೇ ಥರ ಕಾಣುತ್ತವೆ. ಬಣ್ಣ ನೋಡಿ ಹೇಳೋಕೆ ಹೋಗಿ ಬೈಸಿಕೊಂಡವರು ಇಲ್ಲೇ ಸುಮಾರು ಜನ ಇದ್ದಾರೆ.

ನೂಲೇಣಿ:
ಬಣ್ಣ ಬಿಡಿ, ಮುಖ ನೋಡಿ. ಕೆಳಗೆ ನಾಲ್ಕು ಸಣ್ಣ ಕಣ್ಣುಗಳ ಸಾಲು. ಅದರ ಮೇಲೆ ಮುಂದಕ್ಕೆ ನೋಡುವ ಎರಡು ದೊಡ್ಡ ಕಣ್ಣು. ಅದರ ಹಿಂದೆ, ತಲೆಯ ಮೇಲ್ಭಾಗದಲ್ಲಿ, ಇನ್ನೆರಡು. ನಾಲ್ಕು, ಎರಡು, ಎರಡು. ಮಧ್ಯದ ಜೋಡಿ ಎದ್ದು ಕಾಣುವಷ್ಟು ದೊಡ್ಡದಿದ್ದರೆ ಅರ್ಧ ಕೆಲಸ ಆಯಿತು. ರಾತ್ರಿ ಟಾರ್ಚನ್ನು ನಿಮ್ಮ ಕಣ್ಣಿನ ಮಟ್ಟಕ್ಕೆ ಹಿಡಿದು ನೆಲದ ಮೇಲೆ ಬಿಟ್ಟರೆ ಹಸಿರು ಮಿಂಚು ಕಾಣುತ್ತದೆ. ಮೇಲಿನ ನಾಲ್ಕು ಕಣ್ಣುಗಳ ಹಿಂದೆ ಬೆಳಕು ವಾಪಸ್ ಕಳಿಸುವ ಪದರ ಇದೆ, ಅದರಿಂದ. ಆದರೆ ಇದೊಂದನ್ನೇ ನಂಬಬೇಡಿ, ಬೇರೆ ಕೆಲವು ಜೇಡಗಳ ಕಣ್ಣೂ ಹೊಳೆಯುತ್ತದೆ.

ತಾಯಿ ಸಿಕ್ಕರೆ ಇನ್ನೂ ಸುಲಭ. ತೋಳ ಜೇಡ ಮೊಟ್ಟೆ ಚೀಲವನ್ನು ಹಿಂಬದಿಯ ನೂಲು ಕೊಳವೆಗಳಿಗೆ ಅಂಟಿಸಿಕೊಂಡು ಓಡಾಡುತ್ತದೆ. ನರ್ಸರಿ ಬಲೆ ಜೇಡ, ಅಂದರೆ ಪಿಸೌರಿಡೇ ಕುಟುಂಬ, ಚೀಲವನ್ನು ಬಾಯಿಯ ಹತ್ತಿರ ಕಚ್ಚಿ ಹಿಡಿದಿರುತ್ತದೆ. ಮರಿಗಳು ಹೊರಬಂದ ಮೇಲೆ ತಾಯಿಯ ಬೆನ್ನೇರಿ ಕೂತರೆ ತೋಳ ಜೇಡವೇ.

ಒಂದು ಮೋಸ ಇದೆ. ಟ್ರೆಕಾಲಿಡೇ ಕುಟುಂಬದವೂ ಚೀಲವನ್ನು ಹಿಂದೆಯೇ ಅಂಟಿಸಿಕೊಳ್ಳುತ್ತವೆ. ಆದರೆ ಅವುಗಳ ಮರಿಗಳು ಬೆನ್ನಿಗೆ ಹತ್ತುವುದಿಲ್ಲ, ಖಾಲಿಯಾದ ಚೀಲದ ಮೇಲೆಯೇ ಕೂರುತ್ತವೆ. ಈ ಎರಡು ಕುಟುಂಬಗಳು ಹತ್ತಿರದ ನೆಂಟರು, ಆದ್ದರಿಂದ ಇದು ಕಾಕತಾಳೀಯ ಅಲ್ಲ.

ಪ್ರಭೇದಕ್ಕೆ ಮಾತ್ರ ಫೋಟೋ ಸಾಲದು. ಗಂಡಿನ ಪೆಡಿಪಾಲ್ಪ್ (ಬಾಯಿ ಪಕ್ಕದ ಪುಟ್ಟ ಕಾಲಿನಂಥ ಅಂಗ, ವೀರ್ಯ ಸಾಗಿಸುವುದು ಇದರಿಂದಲೇ), ಹೆಣ್ಣಿನ ಹೊಟ್ಟೆಯಡಿಯ ಎಪಿಜೈನ್ (ಜನನಾಂಗದ ಗಟ್ಟಿ ಫಲಕ), ಈ ಎರಡನ್ನು ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು. ಬೆನ್ನಿನ ಪಟ್ಟೆ ನೋಡಿ ಪ್ರಭೇದ ಹೇಳುವವರಿದ್ದರೆ ದೂರ ಇರಿ.

ಹಳೇಪಟ್ಟಿ:
ನನ್ನದು ಸ್ವಲ್ಪ ಭಿನ್ನ ರಾಗ.

ಒಂದು ಉದಾಹರಣೆ ಕೊಡುತ್ತೇನೆ. ಉತ್ತರ ಅಮೆರಿಕದ ಪೂರ್ವ ಭಾಗದಲ್ಲಿ ಒಂದು ಸಾಮಾನ್ಯ ತೋಳ ಜೇಡ ಇದೆ. ಅದನ್ನು ಲೈಕೋಸಾ ಹೆಲ್ಲುವೊ ಎಂದರು. ಆಮೇಲೆ ಹೊಗ್ನಾ ಹೆಲ್ಲುವೊ ಆಯಿತು. 2012ರಲ್ಲಿ ಬ್ರೇಡಿ ಹೊಸ ಕುಲ ಮಾಡಿದರು, ಈಗ ಟೈಗ್ರೋಸಾ ಹೆಲ್ಲುವೊ. ಜೇಡ ಒಂದೇ, ಕಾಲೂ ಎಂಟೇ, ಹೆಸರು ಮಾತ್ರ ಮೂರು. ಅದರ ಮೇಲಿನ ಬರಹಗಳು ಮೂರು ಹೆಸರಲ್ಲಿ ಹಂಚಿಹೋಗಿವೆ. ಹೊಸಬರು ಹುಡುಕಿದರೆ ಮೂರನೇ ಒಂದು ಭಾಗ ಸಿಕ್ಕರೆ ಪುಣ್ಯ.

ಲೈಕೋಸಾ ಒಂದು ಸಡಿಲ ಹೆಸರು ಎಂದು ಎಲ್ಲರಿಗೂ ಗೊತ್ತಿದ್ದರೆ ಹಾಗೇ ಇರಲಿ ಬಿಡಿ. ಹೊಲದಲ್ಲಿ, ಕಾಡಿನಲ್ಲಿ ಕೆಲಸ ಮಾಡುವವರಿಗೆ ಸ್ಥಿರವಾದ ಹೆಸರು ಮುಖ್ಯ. ವಂಶವೃಕ್ಷ ಮಾಡುವವರು ಮಾಡಿಕೊಳ್ಳಲಿ.

ಮಣ್ಣುಬಿಲ:
ಹುಡುಕಾಟದ ತೊಂದರೆ ನಿಜ. ಆದರೆ 'ಹೆಲ್ಲುವೊ' ಎಂಬ ಭಾಗ ಮೂರು ಸಲವೂ ಬದಲಾಗಿಲ್ಲ ನೋಡಿ. ಅದನ್ನೂ ಮೊದಲು ಹೆಸರಿಟ್ಟ ವಾಲ್ಕೆನೇರ್ ಹೆಸರನ್ನೂ ಸೇರಿಸಿ ಹುಡುಕಿದರೆ ಬಹುತೇಕ ಸಿಗುತ್ತದೆ.

'ಹಾಗೇ ಇರಲಿ' ಎಂಬುದಕ್ಕೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ಟೈಗ್ರೋಸಾ ಎಂದು ಬೇರೆ ಮಾಡಿದ ಮೇಲೆ ಏನು ಕಂಡಿತು? ಐದು ಪ್ರಭೇದಗಳ ಚೊಕ್ಕ ಗುಂಪು, ಎಲ್ಲವೂ ಉತ್ತರ ಅಮೆರಿಕದ್ದು. ರಾಬಿಡೋಸಾ ಕೂಡ ಹಾಗೆಯೇ, ಅದನ್ನು 1994ರಲ್ಲಿ ಬ್ರೇಡಿ ಮತ್ತು ಮೆಕಿನ್ಲಿ ಪರಿಷ್ಕರಿಸಿದರು. ಅದೂ ಐದು, ಅದೂ ಅಲ್ಲಿನದೇ. ಇವು ದೊಡ್ಡ ಪೆಟ್ಟಿಗೆಯೊಳಗೆ ಇದ್ದಷ್ಟು ದಿನ ಇಂಥದ್ದೊಂದು ಗುಂಪು ಆ ಖಂಡದಲ್ಲಿ ಇದೆ ಎಂಬುದೇ ಯಾರಿಗೂ ಕಾಣುತ್ತಿರಲಿಲ್ಲ.

ಹಳೇಪಟ್ಟಿ:
ಸರಿ, ಅಮೆರಿಕದ ಉದಾಹರಣೆ ಒಪ್ಪೋಣ. ಆದರೆ ರೋವರ್ ಮಾಡಿದ್ದನ್ನು ಮರೆಯಬೇಡಿ. ಒಡೆಯುವುದೇ ಒಳ್ಳೆಯದು ಎನ್ನುವವರು ಮೊದಲು ಅವರನ್ನು ನೆನೆಸಿಕೊಳ್ಳಬೇಕು.

ಎಂಟುಕಣ್ಣು:
ರೋವರ್ ಯಾರು? ಪಟ್ಟಿಯಲ್ಲಿ ಕುಲಗಳ ಮುಂದೆ ಈ ಹೆಸರು ಎಷ್ಟು ಸಲ ಬರುತ್ತದೆ ಅಂದರೆ, ಯಾವುದೋ ಕಂಪನಿ ಇರಬೇಕು ಅಂದುಕೊಂಡಿದ್ದೆ.

ಉಪ್ಪುನೆಲ:
ಹಹ್ಹ. ಕಾರ್ಲ್ ಫ್ರೀಡ್ರಿಶ್ ರೋವರ್, ಜರ್ಮನಿಯವರು. 1942ರಿಂದ 1950ರ ದಶಕದವರೆಗೆ ಜಗತ್ತಿನ ಜೇಡಗಳ ದೊಡ್ಡ ಕ್ಯಾಟಲಾಗ್ ತಂದರು. ಅದರ ಜೊತೆಗೆ 1960ರವರೆಗೆ ತೋಳ ಜೇಡಗಳ ಮೇಲೆ ದಪ್ಪ ದಪ್ಪ ಸಂಪುಟಗಳು. ಹೊಸ ಕುಲಗಳನ್ನು ರಾಶಿ ರಾಶಿ ಹುಟ್ಟಿಸಿದರು. ಸಮಸ್ಯೆ ಅವರು ನೆಚ್ಚಿಕೊಂಡ ಲಕ್ಷಣಗಳಲ್ಲಿತ್ತು. ದವಡೆಯಲ್ಲಿ ಹಲ್ಲು ಎಷ್ಟು, ಕಣ್ಣಿನ ಸಾಲು ಎಷ್ಟು ಅಗಲ, ಇಂಥವು. ಒಂದೇ ಪ್ರಭೇದದೊಳಗೂ ಹಲ್ಲಿನ ಎಣಿಕೆ ಹೆಚ್ಚುಕಮ್ಮಿ ಆಗಬಹುದು. ಜನನಾಂಗದ ರಚನೆಗೆ ಅವರು ಅಷ್ಟು ಬೆಲೆ ಕೊಡಲಿಲ್ಲ. ಮುಂದಿನವರು ಬೇಸತ್ತು ಅವರ ಎಷ್ಟೋ ಕುಲಗಳನ್ನು ಬದಿಗಿಟ್ಟು, ಜೇಡಗಳನ್ನು ಮತ್ತೆ ಲೈಕೋಸಾಕ್ಕೇ ಸುರಿದರು.

ತಮಾಷೆ ಏನು ಗೊತ್ತಾ? ಈಗ ಸರಿಯಾಗಿ ಪರಿಷ್ಕರಣೆ ಮಾಡುವವರು ಹೊಸ ಗುಂಪೊಂದು ಸಿಕ್ಕಿತು ಎಂದು ಹೆಸರಿಡಲು ಹೋದರೆ, ರೋವರ್ ಇಟ್ಟ ಹೆಸರು ಅಲ್ಲಿ ಮೊದಲೇ ಕೂತಿರುತ್ತದೆ. ನಿಯಮದ ಪ್ರಕಾರ ಹಳೆಯ ಹೆಸರೇ ಗೆಲ್ಲಬೇಕು. ಹಾಗೆ ಎದ್ದು ಬಂದವು ಟಾಸ್ಮನಿಕೋಸಾ, ಹೊಗ್ಗಿಕೋಸಾ, ಡಿಂಗೋಸಾ, ಟೆಟ್ರಾಲೈಕೋಸಾ. ರಾಬಿಡೋಸಾ ಕೂಡ ಅವರದೇ ಹೆಸರು. ಅವರು ಕೊಟ್ಟ ಕಾರಣ ತಪ್ಪು, ಹೆಸರು ಉಳಿಯಿತು. ನನಗೆ ರೋವರ್ ಮೇಲೆ ಸಿಟ್ಟೂ ಇದೆ, ಸ್ವಲ್ಪ ಕನಿಕರವೂ ಇದೆ.

ಇವುಗಳಲ್ಲಿ ನನಗೆ ತುಂಬಾ ಇಷ್ಟದ್ದು ಟೆಟ್ರಾಲೈಕೋಸಾ. ನನ್ನ ಅಡ್ಡಹೆಸರು ನೋಡಿದರೇ ಗೊತ್ತಾಗುತ್ತದೆ. ಆಸ್ಟ್ರೇಲಿಯಾದ ಒಳನಾಡಿನಲ್ಲಿ ಉಪ್ಪಿನ ಸರೋವರಗಳಿವೆ. ವರ್ಷದ ಬಹುಕಾಲ ನೀರೇ ಇರುವುದಿಲ್ಲ, ಬಿಳಿ ಉಪ್ಪಿನ ಹೆಪ್ಪು ಅಷ್ಟೇ. ಹುಲ್ಲಿನ ಒಂದು ಎಸಳೂ ಇಲ್ಲದ ಆ ಬಯಲಲ್ಲಿ ಬಿಲ ತೋಡಿ ಬದುಕುವ ತೋಳ ಜೇಡಗಳಿವು. 1939ರ ಸಿಂಪ್ಸನ್ ಮರುಭೂಮಿ ಯಾತ್ರೆಯಲ್ಲಿ ಸಿಕ್ಕ ಒಂದನ್ನು ಹಿಕ್ಮನ್ 1944ರಲ್ಲಿ ಲೈಕೋಸಾ ಐರೀ ಎಂದು ವಿವರಿಸಿದರು. ಐರ್ ಸರೋವರದ ಹೆಸರು. ನೋಡಿ, ಅದೂ ಲೈಕೋಸಾ! ಇಟಲಿಯ ಹುಲ್ಲುಬಯಲಿನ ಜೇಡಕ್ಕೂ ಈ ಉಪ್ಪಿನ ಹಾಸಿನ ಜೇಡಕ್ಕೂ ಒಂದೇ ಕುಲ.

2017ರಲ್ಲಿ ಫ್ರಮೆನೌ ಮತ್ತು ಹಡ್ಸನ್ ಇವನ್ನೆಲ್ಲ ಒಟ್ಟಿಗೆ ಕೂರಿಸಿ ನೋಡಿದರು. ಟೆಟ್ರಾಲೈಕೋಸಾದಲ್ಲಿ 13 ಪ್ರಭೇದಗಳು, ಅದರಲ್ಲಿ 8 ಹೊಸವು. ಟೆಟ್ರಾಲೈಕೋಸಾ ಒರಾರಿಯಾದಂಥವು ದಕ್ಷಿಣದ ಕಡಲ ತೀರದ ಮರಳಲ್ಲಿವೆ. ಐರೀಯಂಥವು ಒಳನಾಡಿನ ಉಪ್ಪು ಸರೋವರಗಳಲ್ಲಿ. ಕುಲದ ಎಲ್ಲೆ ಸರಿಯಾದ ಕೂಡಲೇ ನಕ್ಷೆ ತಾನಾಗಿ ಮಾತಾಡಿತು. ಉಪ್ಪು ತಡೆದುಕೊಳ್ಳುವ ಒಂದೇ ಗುಂಪು, ಒಂದು ಕಡೆ ಕಡಲು, ಇನ್ನೊಂದು ಕಡೆ ಒಣಗಿದ ಸರೋವರ. ಲೈಕೋಸಾ ಎಂಬ ಹೆಸರಿನಡಿ ಇದ್ದಾಗ ಇದು ಆಸ್ಟ್ರೇಲಿಯಾದ ಇನ್ನಷ್ಟು ಚುಕ್ಕೆ ಆಗಿತ್ತು, ಅಷ್ಟೇ.

ಹಳೇಪಟ್ಟಿ:
ಈ ಕತೆ ಚೆನ್ನಾಗಿದೆ, ಒಪ್ಪಿದೆ. ಆದರೂ ನನ್ನ ಮಾತು ನಿಂತಿದೆ. ಸರಿಯಾಗಿ ಪರಿಷ್ಕರಿಸಿ ಆಮೇಲೆ ಒಡೆಯಿರಿ. ಒಡೆದು ಆಮೇಲೆ ಪರಿಷ್ಕರಿಸಬೇಡಿ.

ಉಪ್ಪುನೆಲ:
ಅದಕ್ಕೆ ಯಾರ ತಕರಾರೂ ಇಲ್ಲ.

ರಾತ್ರಿಟಾರ್ಚ್:
ಮಧ್ಯೆ ಒಂದು ಪ್ರಶ್ನೆ. ತೋಳ ಜೇಡ ಬಲೆ ಕಟ್ಟುವುದಿಲ್ಲ ಅಂತ ಎಲ್ಲ ಕಡೆ ಓದಿದ್ದೇನೆ. ಆದರೆ ಹುಲ್ಲಿನ ಮೇಲೆ ಹಾಳೆಯಂಥ ಬಲೆ, ಮೂಲೆಯಲ್ಲಿ ಕೊಳವೆ, ಕೊಳವೆ ಬಾಯಲ್ಲಿ ಕೂತ ಜೇಡದ ಕಣ್ಣು ನೋಡಿದರೆ ನಾಲ್ಕು-ಎರಡು-ಎರಡು. ಇದೇನಿದು?

ನೂಲೇಣಿ:
ಆಫ್ರಿಕಾ ಅಥವಾ ಏಷ್ಯಾದಲ್ಲಿ ತೆಗೆದ ಚಿತ್ರ ಆಗಿದ್ದರೆ ಹಿಪ್ಪಾಸಾ ಎಂದು ಧೈರ್ಯವಾಗಿ ಊಹಿಸಬಹುದು. ಹಿಂಬದಿಯ ನೂಲು ಕೊಳವೆಗಳು ಉದ್ದ ಇರುತ್ತವೆ, ಮೇಲಿನಿಂದಲೇ ಕಾಣುತ್ತವೆ. ಬಲೆಯ ಮೇಲೆ ಸರಾಗ ಓಡುತ್ತದೆ. 'ತೋಳ ಜೇಡ ಬಲೆ ಕಟ್ಟುವುದಿಲ್ಲ' ಎಂಬುದು ಬಹುಪಾಲು ನಿಜ, ಪೂರ್ತಿ ನಿಜ ಅಲ್ಲ.

ವರ್ಗೀಕರಣದ ದೃಷ್ಟಿಯಿಂದ ಇದು ಬಹಳ ಮಜವಾದ ವಿಷಯ. ಬಲೆ ಕಟ್ಟುವ ತೋಳ ಜೇಡಗಳು ಬೇರೆ ಬೇರೆ ಕಡೆ ಇವೆ. ಹಿಪ್ಪಾಸಾ ಆಫ್ರಿಕಾ ಮತ್ತು ಏಷ್ಯಾದಲ್ಲಿ. ಸೊಸಿಪ್ಪಸ್ ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣದಿಂದ ಮಧ್ಯ ಅಮೆರಿಕದವರೆಗೆ. ಅಗ್ಲಾವೊಕ್ಟೀನಸ್ ದಕ್ಷಿಣ ಅಮೆರಿಕದಲ್ಲಿ. ವೆನೋನಿಯಾ ಆಗ್ನೇಯ ಏಷ್ಯಾದಿಂದ ಆಸ್ಟ್ರೇಲಿಯಾದವರೆಗೆ, ಅವು ಪುಟ್ಟವು, ಹಾಳೆ ಬಲೆಯೂ ಪುಟ್ಟದು. ಬಲೆ ನೋಡಿ ಎಲ್ಲವನ್ನೂ ಒಂದೇ ಗುಂಪಿಗೆ ಹಾಕುವ ಆಸೆ ಆಗುತ್ತದೆ ಅಲ್ವಾ? ಆದರೆ ಡಿಎನ್‌ಎ ಪ್ರಕಾರ ಹಿಪ್ಪಾಸಾ ಒಂದು ಕೊಂಬೆ, ಅಮೆರಿಕದ ಎರಡು ಸೇರಿ ಇನ್ನೊಂದು ಕೊಂಬೆ, ವೆನೋನಿಯಾ ಮತ್ತೊಂದು. ಬಲೆ ಕಟ್ಟುತ್ತದೆ ಎಂಬುದು ಜೀವನಕ್ರಮ, ವಂಶದ ಗುರುತು ಅಲ್ಲ.

1986ರಲ್ಲಿ ಕೆನಡಾದ ಡೊಂಡೇಲ್ ಐದು ಉಪಕುಟುಂಬ ಮಾಡಿದ್ದರು. ಗಂಡಿನ ಪೆಡಿಪಾಲ್ಪ್ ರಚನೆಯೇ ಅದಕ್ಕೆ ಮುಖ್ಯ ಆಧಾರ. ಸೊಸಿಪ್ಪಿನೇ, ವೆನೋನಿನೇ, ಅಲ್ಲೊಕೋಸಿನೇ, ಪಾರ್ಡೋಸಿನೇ, ಲೈಕೋಸಿನೇ. ಆಮೇಲೆ ಇವಿಪ್ಪಿನೇ, ಆರ್ಟೋರಿನೇ, ಹಿಪ್ಪಾಸಿನೇ ಎಂದು ಇನ್ನಷ್ಟು ಸೇರಿದವು. ಆದರೆ ಡೊಂಡೇಲ್ ಚೌಕಟ್ಟು ಬಿದ್ದುಹೋಗಲಿಲ್ಲ. ಲೈಕೋಸಾ, ಹೊಗ್ನಾ, ಟೈಗ್ರೋಸಾ ಎಲ್ಲ ಇವತ್ತಿಗೂ ಲೈಕೋಸಿನೇ ಒಳಗೇ ಇವೆ, ಟೆಟ್ರಾಲೈಕೋಸಾ ಮಾತ್ರ ಆರ್ಟೋರಿನೇಗೆ ಸೇರಿದೆ. ಜಗಳ ಬಹುಪಾಲು ಲೈಕೋಸಿನೇ ಒಳಗಿನದು.

ಎಂಟುಕಣ್ಣು:
ಪೆಡಿಪಾಲ್ಪ್ ಅಷ್ಟು ನಂಬಿಕಸ್ಥ ಅಂತಾದರೆ ಅದೊಂದನ್ನೇ ನೋಡಿ ಎಲ್ಲ ತೀರ್ಮಾನ ಮಾಡಬಹುದಲ್ಲ?

ನೂಲೇಣಿ:
ಬಹಳಷ್ಟು ಸಲ ಆಗುತ್ತದೆ. ಯಾವಾಗಲೂ ಅಲ್ಲ.

ಶೈಜೋಕೋಸಾ ಕುಲದಲ್ಲಿ ಒಕ್ರಿಯಾಟಾ ಮತ್ತು ರೊವ್ನೆರಿ ಎಂಬ ಜೋಡಿ ಇದೆ, ಉತ್ತರ ಅಮೆರಿಕದ್ದು. ಹೆಣ್ಣುಗಳನ್ನು ನೋಡಿ ಬೇರೆ ಮಾಡುವುದು ಭಾರೀ ಕಷ್ಟ. ಗಂಡುಗಳಲ್ಲಿ ಒಕ್ರಿಯಾಟಾದ ಮುಂಗಾಲಿಗೆ ಕಪ್ಪು ರೋಮದ ಕುಚ್ಚು ಇದೆ, ರೊವ್ನೆರಿಗೆ ಇಲ್ಲ. ಪ್ರಣಯದ ಆಟವೂ ಬೇರೆ. ಒಕ್ರಿಯಾಟಾ ಕುಚ್ಚಿನ ಕಾಲು ಆಡಿಸುತ್ತದೆ, ನೆಲ ಬಡಿಯುತ್ತದೆ. ರೊವ್ನೆರಿ ಮೈಯನ್ನು ನೆಲಕ್ಕೆ ಕುಕ್ಕಿ ಕಂಪನ ಕಳಿಸುತ್ತದೆ. ಹೆಣ್ಣಿಗೆ ತನ್ನದು ಯಾವುದು ಎಂದು ಗೊತ್ತು. ಪ್ರಯೋಗಾಲಯದಲ್ಲಿ ಬಲವಂತವಾಗಿ ಕೂಡಿಸಿದರೆ ಮರಿಗಳೂ ಹುಟ್ಟುತ್ತವೆ, ಆದರೆ ತಾವಾಗಿ ಕೂಡುವುದಿಲ್ಲ. ರೊವ್ನೆರಿಯನ್ನು ಬೇರೆ ಪ್ರಭೇದ ಎಂದು ಯೂಟ್ಸ್ ಮತ್ತು ಡೊಂಡೇಲ್ 1979ರಲ್ಲಿ ವಿವರಿಸಿದ್ದು ಈ ನಡವಳಿಕೆಯ ಬಲದ ಮೇಲೆ.

ಯುರೋಪಿನ ಪಾರ್ಡೋಸಾ ಲುಗುಬ್ರಿಸ್ ಕತೆಯೂ ಅದೇ. ಕಾಡಂಚಿನ ತರಗೆಲೆಯಲ್ಲಿ ಓಡಾಡುವ ಸಾಮಾನ್ಯ ಜೇಡ. ಒಂದೇ ಪ್ರಭೇದ ಎಂದು ದಶಕಗಟ್ಟಲೆ ಬರೆದರು. ಗಂಡುಗಳ ಕುಣಿತ ಗಮನಿಸಿದಾಗ ಹಲವು ಪ್ರಭೇದಗಳು ಸೇರಿಕೊಂಡಿವೆ ಎಂದು ಗೊತ್ತಾಯಿತು. ಪಾರ್ಡೋಸಾ ಸಾಲ್ಟನ್ಸ್ ಹಾಗೆ 2000ದಲ್ಲಿ ಹೆಸರು ಪಡೆಯಿತು. ಅದಕ್ಕೂ ಹಿಂದಿನ ಲುಗುಬ್ರಿಸ್ ದಾಖಲೆಗಳು ನಿಮ್ಮ ಪಾರ್ಡೋಸಾ ನಕ್ಷೆಯಲ್ಲಿ ಇದ್ದರೆ ಸ್ವಲ್ಪ ಅನುಮಾನ ಇಟ್ಟುಕೊಳ್ಳಿ.

ಹಳೇಪಟ್ಟಿ:
ಹಾಗಾದರೆ ಸಂಗ್ರಹಾಲಯದ ಸೀಸೆಯಲ್ಲಿ ಸತ್ತು ಬಿದ್ದಿರುವ ಜೇಡಗಳ ಗತಿ? ಅವುಗಳನ್ನು ಕುಣಿಸೋಕೆ ಆಗುತ್ತದಾ?

ನೂಲೇಣಿ:
ಆಗುವುದಿಲ್ಲ. ಆದರೆ ಯಾವ ಎರಡರಲ್ಲಿ ಕುಣಿತ ಬೇರೆ ಎಂದು ಒಮ್ಮೆ ಗೊತ್ತಾದರೆ, ಗಂಡಿನ ರೋಮದ ಬಣ್ಣ, ಪೆಡಿಪಾಲ್ಪಿನ ಸಣ್ಣ ವ್ಯತ್ಯಾಸ ಹುಡುಕಲು ದಾರಿ ಸಿಗುತ್ತದೆ. ಎಲ್ಲಿ ನೋಡಬೇಕು ಎಂದು ಗೊತ್ತಿದ್ದರೆ ಸೀಸೆಯ ಜೇಡವೂ ಉತ್ತರ ಕೊಡುತ್ತದೆ. ಹೆಣ್ಣುಗಳ ವಿಷಯದಲ್ಲಿ ಎಷ್ಟೋ ಸಲ ಅಲ್ಲಿಗೇ ನಿಲ್ಲಬೇಕು.

ಎಂಟುಕಣ್ಣು:
ನನ್ನ ಮೊದಲ ಪ್ರಶ್ನೆಯ ಇನ್ನರ್ಧ ಉಳಿದಿದೆ. ಹೆಸರಿನ ಗೊಂದಲ ತೆಗೆದ ಮೇಲೂ ತೋಳ ಜೇಡಗಳ ಕುಟುಂಬ ಭೂಮಿ ತುಂಬಾ ಇದೆ. ಆರ್ಕ್ಟಿಕ್‌ನಲ್ಲಿ ಇದೆ, ಮರುಭೂಮಿಯಲ್ಲಿ ಇದೆ, ಒಂಟಿ ದ್ವೀಪಗಳಲ್ಲಿ ಇದೆ. ಅದು ಹೇಗೆ?

ಮಣ್ಣುಬಿಲ:
ಗಾಳಿ ಮತ್ತು ಹುಲ್ಲು ಅಂತ ಚುಟುಕಾಗಿ ಹೇಳಬಹುದು.

ಮರಿಗಳು ತಾಯಿಯ ಬೆನ್ನಿಳಿದ ಮೇಲೆ ಎತ್ತರದ ಜಾಗಕ್ಕೆ ಹತ್ತಿ, ಹಿಂಬದಿ ಎತ್ತಿ ನೂಲು ಬಿಡುತ್ತವೆ. ಗಾಳಿ ಎಳೆದುಕೊಂಡು ಹೋಗುತ್ತದೆ. ಪಾರ್ಡೋಸಾದಂಥ ಸಣ್ಣವು ಇದರಲ್ಲಿ ನಿಪುಣರು. ಬಿಲ ಬಿಟ್ಟು ಕದಲದ ದೊಡ್ಡ ಜಾತಿಗಳು ಅಷ್ಟಾಗಿ ಹಾರುವುದಿಲ್ಲ. ಅದಕ್ಕೇ ಅಮೆರಿಕದ ಜಿಯೋಲೈಕೋಸಾ ನೋಡಿ, ಫ್ಲಾರಿಡಾದ ಮರಳು ದಿಬ್ಬಗಳಲ್ಲಿ ಕೆಲವು ಸಣ್ಣ ಸಣ್ಣ ಪ್ರದೇಶಗಳಿಗೇ ಸೀಮಿತ. ದಿಬ್ಬ ಮುಗಿಯಿತು, ಜೇಡವೂ ಮುಗಿಯಿತು.

ಇನ್ನು ಹುಲ್ಲು. 2005ರಲ್ಲಿ ಜೋಕೆ ಮತ್ತು ಆಲ್ಡರ್‌ವೈರೆಲ್ಟ್ ಒಂದು ವಾದ ಮುಂದಿಟ್ಟರು. ಈ ಕುಟುಂಬದ ಏಳಿಗೆಯೂ ಭೂಮಿಯ ಮೇಲೆ ಹುಲ್ಲುಗಾವಲುಗಳ ಹರಡುವಿಕೆಯೂ ಒಟ್ಟೊಟ್ಟಿಗೆ ನಡೆದವು ಎಂದು. ನನಗೆ ಇದು ನಂಬುವಂಥ ಮಾತು ಅನ್ನಿಸುತ್ತದೆ. ತೋಳ ಜೇಡ ತೆರೆದ ನೆಲದ ಪ್ರಾಣಿ. ದಟ್ಟ ಮಳೆಕಾಡಿನ ಮೇಲ್ಛಾವಣಿಯಲ್ಲಿ ಇವು ಅಪರೂಪ. ಗದ್ದೆ, ಬಯಲು, ನದಿ ದಂಡೆ, ಕಡಲ ತೀರ, ಬೆಟ್ಟದ ನೆತ್ತಿಯ ಕಲ್ಲುರಾಶಿ, ಇಲ್ಲೆಲ್ಲ ಜಾಸ್ತಿ. ಕಣ್ಣು ದೊಡ್ಡದು, ಕಾಲು ಗಟ್ಟಿ, ಮೊಟ್ಟೆಯನ್ನು ಜೊತೆಗೇ ಹೊತ್ತು ತಿರುಗಬಹುದು. ಬಿಸಿಲು ಕಾಯಿಸಲು ಚೀಲವನ್ನು ಬಿಲದ ಬಾಯಿಗೆ ತರಬಹುದು, ಅಪಾಯ ಬಂದರೆ ಎತ್ತಿಕೊಂಡು ಓಡಬಹುದು. ತೆರೆದ ನೆಲಕ್ಕೆ ಬೇಕಾದ ಗುಣಗಳೇ ಇವು.

ಉತ್ತರದ ತುದಿಯಲ್ಲಿ ಪಾರ್ಡೋಸಾ ಗ್ಲೇಸಿಯಾಲಿಸ್ ಇದೆ, ಗ್ರೀನ್‌ಲ್ಯಾಂಡ್‌ನ ಹಿಮ ಕರಗಿದ ಟುಂಡ್ರಾದಲ್ಲಿ. ಅಲ್ಲಿ ಹಿಮ ಬೇಗ ಕರಗಿದ ವರ್ಷಗಳಲ್ಲಿ ಈ ಜೇಡಗಳು ದೊಡ್ಡದಾಗಿ ಬೆಳೆದದ್ದನ್ನು ಸಂಶೋಧಕರು ದಾಖಲಿಸಿದ್ದಾರೆ.

ಉಪ್ಪುನೆಲ:
ದ್ವೀಪಗಳ ಬಗ್ಗೆ ನಾನು ಸೇರಿಸುತ್ತೇನೆ, ಅಲ್ಲೇ ಈ ಕುಟುಂಬ ವಿಚಿತ್ರವಾಗುವುದು.

ಹವಾಯಿಯ ಕವಾಯಿ ದ್ವೀಪದಲ್ಲಿ ಲಾವಾ ಹರಿದು ಉಂಟಾದ ಗುಹೆಗಳಿವೆ. ಅಲ್ಲಿ ಅಡೆಲೋಕೋಸಾ ಅನಾಪ್ಸ್ ಎಂಬ ತೋಳ ಜೇಡ ಇದೆ. ಕಣ್ಣೇ ಇಲ್ಲ! ಕಣ್ಣಿನಿಂದ ಗುರುತಿಸಬೇಕು ಎಂದು ನೂಲೇಣಿ ಮೇಲೆ ಹೇಳಿದರಲ್ಲ, ಈ ಜೇಡಕ್ಕೆ ಅದು ನಡೆಯುವುದಿಲ್ಲ. ಗೆರ್ಷ್ 1973ರಲ್ಲಿ ವಿವರಿಸಿದರು. ಒಂದು ಚೀಲದಲ್ಲಿ 15ರಿಂದ 30 ಮೊಟ್ಟೆ ಮಾತ್ರ, ಹೊರಗಿನ ತೋಳ ಜೇಡಗಳಿಗೆ ಹೋಲಿಸಿದರೆ ತೀರಾ ಕಡಿಮೆ. 2000ದಲ್ಲಿ ಅಮೆರಿಕ ಇದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಅದೇ ಹವಾಯಿಯ ದೊಡ್ಡ ದ್ವೀಪದ ಲಾವಾ ಗುಹೆಗಳಲ್ಲಿ ಕಣ್ಣು ಕುಗ್ಗಿದ ಇನ್ನೊಂದು ಇದೆ. ಅದರ ಹೆಸರು ಏನು ಅಂದುಕೊಂಡಿರಿ? ಲೈಕೋಸಾ ಹೋವಾರ್ಥಿ. ಮತ್ತದೇ.

ಗಲಾಪಗೋಸ್‌ನಲ್ಲಿ ಹೊಗ್ನಾ ಎಂಬ ಹೆಸರಲ್ಲಿ ಒಂದು ಸಣ್ಣ ಬಳಗ ಇದೆ. ಕೆಲವು ಕರಾವಳಿ ಒಣ ನೆಲದಲ್ಲಿ, ಕೆಲವು ಎತ್ತರದ ಹುಲ್ಲುಗಾವಲಲ್ಲಿ. ಎತ್ತರದ ರೂಪ ಬೇರೆ ಬೇರೆ ದ್ವೀಪಗಳಲ್ಲಿ ಬೇರೆ ಬೇರೆಯಾಗಿ ವಿಕಾಸವಾಗಿದೆ ಎಂದು ಡಿಎನ್‌ಎ ತೋರಿಸಿತು. ಬರೀ ರೂಪ ನೋಡಿ ಗುಂಪು ಮಾಡಿದ್ದರೆ ಎತ್ತರದವು ಒಂದು, ಕರಾವಳಿಯವು ಒಂದು ಎಂದು ಬರೆದುಬಿಡುತ್ತಿದ್ದೆವು.

ಅಟ್ಲಾಂಟಿಕ್ ಸಾಗರದ ಮದೀರಾ ಪಕ್ಕದ ಡೆಸರ್ಟಾ ಗ್ರಾಂಡೆ ದ್ವೀಪದಲ್ಲಿ ಹೊಗ್ನಾ ಇಂಜೆನ್ಸ್ ಇದೆ, ಈ ಕುಟುಂಬದ ದೈತ್ಯರಲ್ಲಿ ಒಂದು. ಜಗತ್ತಿನಲ್ಲಿ ಇರುವುದು ಆ ದ್ವೀಪದ ಒಂದೇ ಕಣಿವೆಯಲ್ಲಿ. ಹೊರಗಿಂದ ಬಂದ ಹುಲ್ಲೊಂದು ಕಲ್ಲಿನ ಸಂದುಗಳನ್ನು ಮುಚ್ಚಿ ಅದರ ಮನೆ ಕಿತ್ತುಕೊಳ್ಳುತ್ತಿದೆ. ಹುಲ್ಲು ಇವುಗಳಿಗೆ ಒಳ್ಳೆಯದು ಎಂದು ಈಗಷ್ಟೇ ಮಣ್ಣುಬಿಲ ಹೇಳಿದರು, ಅಲ್ವಾ. ಎಲ್ಲ ಹುಲ್ಲೂ ಅಲ್ಲ.

ಮಣ್ಣುಬಿಲ:
ಸರಿ ಸರಿ, ಹುಲ್ಲಿನ ಮಾತಿಗೆ ಒಂದು ಅಡಿಟಿಪ್ಪಣಿ ಹಾಕಿಕೊಳ್ಳುತ್ತೇನೆ.

ಇನ್ನೊಂದು, ಮನುಷ್ಯರು ಸಾಗಿಸಿದ್ದನ್ನೂ ಲೆಕ್ಕಕ್ಕೆ ಹಿಡಿಯಿರಿ. ಟ್ರೋಕೋಸಾ ರೂರಿಕೋಲಾ ಮೂಲದಲ್ಲಿ ಯುರೋಪ್ ಕಡೆಯದು, ಈಗ ಉತ್ತರ ಅಮೆರಿಕದಲ್ಲೂ ಬರ್ಮುಡಾದಲ್ಲೂ ಇದೆ. ಅಂಥ ಚುಕ್ಕೆಗೆ ಬೇರೆ ಗುರುತು ಬೇಕು.

ಎಂಟುಕಣ್ಣು:
ಹಾಗಾದರೆ ನಾನು ನಕ್ಷೆ ಹೇಗೆ ಮಾಡಲಿ? ಪಟ್ಟಿಯಲ್ಲಿರುವ ಪ್ರತಿ ಪ್ರಭೇದದ ಪರಿಷ್ಕರಣೆ ಓದುತ್ತಾ ಕೂತರೆ ಈ ಜನ್ಮ ಸಾಲದು.

ಮಣ್ಣುಬಿಲ:
ಒಂದು ಅಡ್ಡದಾರಿ ಇದೆ. ಪಟ್ಟಿಯಲ್ಲಿ ಪ್ರಭೇದದ ಮುಂದೆ ಹೆಸರಿಟ್ಟವರ ಹೆಸರು, ವರ್ಷ ಇರುತ್ತದೆ. ಕೆಲವು ಆವರಣದೊಳಗೆ, ಕೆಲವು ಆವರಣ ಇಲ್ಲದೆ. ಆವರಣ ಇದ್ದರೆ ಆ ಪ್ರಭೇದ ಮೊದಲು ಬೇರೆ ಕುಲದಲ್ಲಿತ್ತು, ಆಮೇಲೆ ಯಾರೋ ಇಲ್ಲಿಗೆ ತಂದರು ಎಂದರ್ಥ. ಲೈಕೋಸಾ ಟರಾಂಟುಲಾಕ್ಕೆ ಆವರಣ ಇದೆ, ಏಕೆಂದರೆ ಲಿನೇಯಸ್ ಅದನ್ನು ಅರಾನಿಯಾ ಎಂದಿದ್ದರು. ಆವರಣ ಇಲ್ಲದಿದ್ದರೆ ಮೊದಲ ದಿನ ಎಲ್ಲಿಟ್ಟರೋ ಅಲ್ಲೇ ಇದೆ. 1924ರಲ್ಲಿ ಗ್ರೇವ್ಲಿ ಹೆಸರಿಟ್ಟ ಲೈಕೋಸಾ ಮ್ಯಾಕೆಂಜಿಯೈ ಇಂಥದ್ದು. ಭಾರತದ ಬಹಳಷ್ಟು ಲೈಕೋಸಾಗಳು ಹೀಗೇ ಇವೆ. 1980ರಲ್ಲಿ ಟಿಕಾಡೆರ್ ಮತ್ತು ಮಲ್ಹೋತ್ರ ಅವನ್ನೆಲ್ಲ ಒಂದೇ ಸಂಪುಟದಲ್ಲಿ ಚಿತ್ರ ಸಮೇತ ತಂದದ್ದು ದೊಡ್ಡ ಉಪಕಾರ. ಆದರೆ ಮೆಡಿಟರೇನಿಯನ್ ಮಾದರಿಗೆ ಹೋಲಿಸಿ ಕುಲ ನಿಗದಿ ಮಾಡುವ ಕೆಲಸ ಬೇರೆಯೇ.

ಹಾಗಂತ ಆವರಣ ಇಲ್ಲದ್ದೆಲ್ಲ ತಪ್ಪು ಅಂತಲ್ಲ. ಮೊದಲು ಅನುಮಾನಿಸಬೇಕಾದ್ದು ಯಾವುದನ್ನು ಎಂದು ಅದು ಹೇಳುತ್ತದೆ, ಅಷ್ಟೇ.

ಹಳೇಪಟ್ಟಿ:
ಇದಕ್ಕೆ ನನ್ನ ಪೂರ್ತಿ ಬೆಂಬಲ. ಆದರೆ ಮೆಡಿಟರೇನಿಯನ್ ಒಳಗೂ ಎಚ್ಚರ ಬೇಕು. ಸ್ಪೇನ್‌ನಲ್ಲಿ ಲೈಕೋಸಾ ಟರಾಂಟುಲಾ ಎಂದು ವರ್ಷಾನುಗಟ್ಟಲೆ ಅಧ್ಯಯನ ಮಾಡಿದ್ದು ಟರಾಂಟುಲಾ ಅಲ್ಲ, ಲೈಕೋಸಾ ಹಿಸ್ಪಾನಿಕಾ. 2013ರಲ್ಲಿ ಪ್ಲಾನಸ್ ತಂಡ ಪಶ್ಚಿಮ ಮೆಡಿಟರೇನಿಯನ್ ಲೈಕೋಸಾಗಳ ಡಿಎನ್‌ಎ ನೋಡಿದಾಗ ಬೇರೆ ಮಾಡಿತು. ಹೆಣ್ಣು ಗಂಡನ್ನು ತಿನ್ನುವ ಬಗ್ಗೆ ಆಲ್ಮೇರಿಯಾ ಕಡೆ ನಡೆದ ಪ್ರಸಿದ್ಧ ಅಧ್ಯಯನಗಳೂ ಇದೇ ಜೇಡದ ಮೇಲಿನವು. ಹಾಗಾಗಿ ಹಳೆಯ ಸ್ಪೇನ್ ದಾಖಲೆಗಳನ್ನು ಇಟಲಿಯ ಚುಕ್ಕೆಯ ಜೊತೆ ಸೇರಿಸಬೇಡಿ.

ರಾತ್ರಿಟಾರ್ಚ್:
ನೀವೇ ಅಲ್ವಾ ಹೆಸರು ಬದಲಾಯಿಸಬೇಡಿ ಅಂದಿದ್ದು?

ಹಳೇಪಟ್ಟಿ:
ಸುಮ್ನೆ ಬದಲಾಯಿಸಬೇಡಿ ಅಂದೆ. ಜೇಡವೇ ಬೇರೆಯಾದರೆ ಏನು ಮಾಡೋದು?

ಎಂಟುಕಣ್ಣು:
ಪಟ್ಟಿಯನ್ನು ಮತ್ತೆ ಸೋಸಿದೆ. ಮೂರು ಬಣ್ಣ ಮಾಡಿದ್ದೇನೆ. ಮೆಡಿಟರೇನಿಯನ್ ಸುತ್ತ, ಡಿಎನ್‌ಎ ಅಥವಾ ಒಳ್ಳೆಯ ಪರಿಷ್ಕರಣೆ ಇರುವುದಕ್ಕೆ ಕೆಂಪು. ಆಸ್ಟ್ರೇಲಿಯಾದಂತೆ, ಲೈಕೋಸಾ ಅಲ್ಲ ಎಂದು ತಿಳಿದೂ ಇನ್ನೂ ಬೇರೆ ಕುಲಕ್ಕೆ ಹೋಗದೆ ಉಳಿದದ್ದಕ್ಕೆ ಖಾಲಿ ವೃತ್ತ. ಉಳಿದದ್ದೆಲ್ಲ ಬೂದು. ಬೂದುವೇ ಜಾಸ್ತಿ ಇದೆ. ಹವಾಯಿಯದ್ದನ್ನೂ ಬೂದುವಿಗೆ ಹಾಕಿದ್ದೇನೆ. ಮಧ್ಯ ಏಷ್ಯಾದ ಲೈಕೋಸಾ ಸಿಂಗೋರಿಯೆನ್ಸಿಸ್ ಯಾವುದಕ್ಕೆ ಹಾಕಲಿ? ಪೂರ್ವ ಯುರೋಪಿನಿಂದ ಚೀನಾದವರೆಗೆ ಉದ್ದಕ್ಕೂ ದಾಖಲೆ ಇದೆ.

ಮಣ್ಣುಬಿಲ:
ಅದನ್ನು ಲಾಕ್ಸ್‌ಮನ್ 1770ರಲ್ಲೇ ಹೆಸರಿಸಿದ್ದು, ಆವರಣ ಇರುತ್ತದೆ ನೋಡಿ. ಈಗಿನ ಪಟ್ಟಿಯಲ್ಲಿ ಲೈಕೋಸಾವೇ. ನಾನಾದರೆ ಬೂದು ಹಾಕಿ, ಪಕ್ಕದಲ್ಲಿ ಒಂದು ನಕ್ಷತ್ರ ಇಡುತ್ತೇನೆ. ಕೆಂಪಿಗೆ ಅವಸರ ಬೇಡ.

ಉಪ್ಪುನೆಲ:
ನನ್ನ ಮತ ಕೆಂಪಿಗೆ. ದಾಖಲೆ ಯುರೋಪಿನಿಂದ ಕಡಿಯದೆ ಸಾಗಿದೆ, ಹೆಸರಷ್ಟೇ ಹಾರಿ ಹೋದ ಜಾತಿ ಅಲ್ಲ ಅದು.

ಮಣ್ಣುಬಿಲ:
ಕಡಿಯದೆ ಸಾಗಿದ್ದು ಪ್ರಭೇದದ ಹರಡುವಿಕೆ. ಕುಲದ ನೆಂಟಸ್ತನಕ್ಕೆ ಅದು ಸಾಕ್ಷಿ ಅಲ್ಲ.

ಹಳೇಪಟ್ಟಿ:
ಬಣ್ಣ ಯಾವುದಾದರೂ ಇರಲಿ. ನಕ್ಷೆಯ ಜೊತೆ ಕೋಷ್ಟಕವನ್ನೂ ಹಾಕಿ. ಮೊದಲು ಯಾವ ಹೆಸರಲ್ಲಿ ವಿವರಿಸಿದರು, ಯಾವ ವರ್ಷ, ಮಾದರಿ ಎಲ್ಲಿ ಸಿಕ್ಕಿತು. ಈ ಮೂರು ಇದ್ದರೆ ನಾಳೆ ಕುಲ ಬದಲಾದರೂ ನಿಮ್ಮ ಚುಕ್ಕೆ ಕಳೆದುಹೋಗುವುದಿಲ್ಲ.

ಎಂಟುಕಣ್ಣು:
ಮೂರೂ ಕಾಲಂ ಹಾಕುತ್ತೇನೆ. ಸಿಂಗೋರಿಯೆನ್ಸಿಸ್ ಸದ್ಯಕ್ಕೆ ಬೂದು, ನಕ್ಷತ್ರ ಸಮೇತ. ಮುಂದಿನದು ಹೊಗ್ನಾ. ಅದರ ಪಟ್ಟಿ ತೆರೆದು ನೋಡಿದೆ, ಅದೂ ಎಲ್ಲ ಕಡೆ ಇದೆ.

ಮಣ್ಣುಬಿಲ:
ಮಾದರಿ ಪ್ರಭೇದ ಹೊಗ್ನಾ ರೇಡಿಯಾಟಾ, ಅದೂ ಮೆಡಿಟರೇನಿಯನ್ ಕಡೆಯದೇ. ಬೂದು ಬಣ್ಣ ಜಾಸ್ತಿ ಇಟ್ಟುಕೊಳ್ಳಿ.